ನಾಯಿಮರಿಗೂ ಎರಡು ವರ್ಷದ ಮಗುವಿಗೂ ಒಂದೇ ಪಾಠವಾ?

ಮೆಲ್ಕಾರ್‌ನಿಂದ ಮಾತಾಡ್ತಾ ಇದ್ದೇನೆ. ಹಿಂದೆ ಹೈವೇಯ ಲಾರಿ ಹಾರ್ನ್ ಕೇಳಿದರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಈ ಸೆಕೆಗೆ ಕಿಟಕಿ ಮುಚ್ಚಿ ರೆಕಾರ್ಡ್ ಮಾಡುವುದು ನನ್ನಿಂದಾಗದು.

ಇವತ್ತಿನ ವಿಷಯ ಕೇಳಿ ಅಕ್ಕನಿಗೆ ಸಿಟ್ಟು ಬಂದಿದೆ. "ನನ್ನ ಮಗ ನಿನಗೆ ನಾಯಿಯಾ?" ಅಂತ. ಅಲ್ಲ ಮಾರಾಯ್ತಿ. ಆದ್ರೆ ನಮ್ಮ ಊರಿನ ಮನೆಗಳಲ್ಲಿ ಒಂದು ತಮಾಷೆ ಗಮನಿಸಿದ್ದೀರಾ? ದೊಡ್ಡವರು ತಮ್ಮೊಳಗೆ ಮಾತಾಡುವುದು ತುಳು. ನಾಯಿಗೆ ಮಾತ್ರ "ಸಿಟ್", "ಕಮ್", "ನೋ". ಮಗುವಿಗೂ "ನೋ ಪುಟ್ಟಾ", "ಸಿಟ್ ಡೌನ್". ನಮ್ಮ ಅಜ್ಜಿ ಒಬ್ಬರು ಇಬ್ಬರಿಗೂ "ಕುಲ್ಲು" ಅಂತಾರೆ. ಇಬ್ಬರೂ ಕೂರುವುದು ಅಜ್ಜಿಯ ಮಾತಿಗೇ. ಅದು ತುಳುವಿನ ಮಹಿಮೆ ಅಂತ ಹೇಳಲಿಕ್ಕೆ ಆಸೆ ಉಂಟು, ಆದ್ರೆ ಕಾರಣ ಬೇರೆ. ಅಜ್ಜಿಯ ಶಬ್ದ ಬದಲಾಗುವುದಿಲ್ಲ, ಸ್ವರ ಬದಲಾಗುವುದಿಲ್ಲ. ನಾವು ಉಳಿದವರು ಒಮ್ಮೆ ಸಿಟ್, ಒಮ್ಮೆ ಕೂತ್ಕೋ, ಒಮ್ಮೆ ಬರೀ "ಏಯ್". ಕೆನಡಾದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಕೊರೆನ್ ಅಂದಾಜಿನ ಪ್ರಕಾರ ಸಾಮಾನ್ಯ ನಾಯಿ ಸುಮಾರು 165 ಶಬ್ದ ಮತ್ತು ಸನ್ನೆಗಳನ್ನು ಕಲಿಯಬಲ್ಲದು, ಹತ್ತಿರಹತ್ತಿರ ಎರಡು ವರ್ಷದ ಮಗುವಿನಷ್ಟು. ಇಷ್ಟು ಸಣ್ಣ ಡಿಕ್ಷನರಿಯಲ್ಲಿ ಒಂದೇ ಕೆಲಸಕ್ಕೆ ನಾಲ್ಕು ಶಬ್ದ ತುರುಕಿದರೆ ಯಾರು ಕೇಳ್ತಾರೆ?

ಇನ್ನೊಂದು ಟೈಮಿಂಗ್. ಬಿ. ಎಫ್. ಸ್ಕಿನ್ನರ್ 1951ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವುದು ಹೇಗೆ ಅಂತ ಬರೆದ. ಸಾರ ಇಷ್ಟೇ: ಬೇಕಾದ ಕೆಲಸ ಮಾಡಿದ ಆ ಕ್ಷಣದಲ್ಲೇ ಬಹುಮಾನ ಸಿಗಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತು ಅಂತ ಪ್ರಾಣಿಗೆ ಗೊತ್ತಾಗುವುದಿಲ್ಲ. ಶಿಕ್ಷೆಗೂ ಇದೇ ಲೆಕ್ಕ. ಬೆಳಿಗ್ಗೆ ಚಪ್ಪಲಿ ಕಚ್ಚಿದ ನಾಯಿಗೆ ಸಂಜೆ ಬಂದು ಬೈತೇವೆ. ಅದು ಕಿವಿ ಮಡಚಿ ಕೆಳಗೆ ನೋಡ್ತದೆ. "ನೋಡಿ, ತಪ್ಪು ಮಾಡಿದ್ದು ಗೊತ್ತುಂಟು ಅದಕ್ಕೆ" ಅಂತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಿನ್ನಬೇಡ ಅಂದದ್ದನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಆ 'ಗಿಲ್ಟಿ' ಮುಖದಲ್ಲಿ ವ್ಯತ್ಯಾಸ ಇರಲಿಲ್ಲ. ಯಜಮಾನ ಬೈದರೆ ಆ ಮುಖ, ಅಷ್ಟೇ. ಎರಡು ವರ್ಷದ ಮಗು ಬೈಗುಳ ಕೇಳಿ ತುಟಿ ಉಬ್ಬಿಸಿ "ಸಾರಿ" ಅಂದಾಗಲೂ ನನಗೆ ಇದೇ ಅನುಮಾನ. ಅದು ಓದುತ್ತಿರುವುದು ನಮ್ಮ ಮುಖವನ್ನು, ತನ್ನ ತಪ್ಪನ್ನಲ್ಲ.

ಈಗ ಫೋನಿಗೆ ಬರುವ. ಅಸಲು ವಿಷಯ ಇದು. ಊಟಕ್ಕೆ ಕೂತ ಮಗು ಬಾಯಿ ತೆರೆಯುವುದಿಲ್ಲ, ಅಳ್ತದೆ. ಮೊದಲ ದಿನ ನಾವು ಗಟ್ಟಿ ಇರ್ತೇವೆ. ಎರಡನೇ ದಿನವೂ. ಮೂರನೇ ದಿನ ನೆಂಟರು ಬಂದಿರ್ತಾರೆ, ಮರ್ಯಾದೆ ಪ್ರಶ್ನೆ, ಯೂಟ್ಯೂಬ್ ಹಾಕಿ ಕೊಡ್ತೇವೆ. ಒಂದೇ ದಿನ ಅಲ್ವಾ ಅಂತ ನಮ್ಮ ಲೆಕ್ಕ. ನಾಯಿ ಟ್ರೈನಿಂಗ್ ಮಾಡುವವರನ್ನು ಕೇಳಿ, ಇದು ಅತಿ ಕೆಟ್ಟ ಲೆಕ್ಕ ಅಂತಾರೆ. ಊಟದ ಟೇಬಲಿನ ಕೆಳಗೆ ದಿನಾ ಮೀನಿನ ತುಂಡು ಹಾಕಿ, ಆಮೇಲೆ ಒಮ್ಮೆಲೇ ನಿಲ್ಲಿಸಿ. ನಾಯಿ ಕೆಲವು ದಿನ ನೋಡಿ ಬಿಟ್ಟುಬಿಡ್ತದೆ. ಆದ್ರೆ ಹತ್ತರಲ್ಲಿ ಒಂದು ದಿನ ಹಾಕಿದ್ದರೆ ತಿಂಗಳುಗಟ್ಟಲೆ ಕಾಯ್ತದೆ. ಕಾಮರ್ಸ್ ಓದಿದ ನನಗೆ ಇದು ಲಾಟರಿ ಟಿಕೆಟಿನ ವ್ಯಾಪಾರದ ಹಾಗೆ ಕಾಣ್ತದೆ. ಯಾವಾಗ ಹೊಡೀತದೆ ಅಂತ ಗೊತ್ತಿಲ್ಲದ್ದಕ್ಕೇ ಜನ ಕೊಳ್ಳುವುದು.

ಇನ್ನೊಂದು ಕೇಳಿ. ಕೊಡುವುದನ್ನು ನಿಲ್ಲಿಸಿದರೆ ಅಳು ಮೊದಲು ಜಾಸ್ತಿಯಾಗ್ತದೆ, ಆಮೇಲೆ ಇಳಿಯುವುದು. ಬೊಗಳುವುದೂ ಹಾಗೇ. ತುಂಬ ಮನೆಗಳು ಸೋಲುವುದು ಆ ಏರಿದ ಹೊತ್ತಲ್ಲಿ. ಆಗ ಕೊಟ್ಟರೆ ಮಗು ಕಲಿಯುವ ಪಾಠ, "ಇಷ್ಟು ಜೋರು ಅತ್ತರೆ ಸಿಗ್ತದೆ." ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು. ಅಕ್ಕನ ಮನೆಯಲ್ಲಿ ಈಗ ಊಟದ ಹೊತ್ತಿಗೆ ಎಲ್ಲರ ಫೋನೂ ಫ್ರಿಜ್ಜಿನ ಮೇಲೆ, ಭಾವನದ್ದೂ ಸೇರಿ. ಮಗುವಿಗಿಂತ ಹೆಚ್ಚು ರಂಪ ಮಾಡಿದ್ದು ಭಾವನೇ, ಅದು ಬೇರೆ ಎಪಿಸೋಡ್.

ಹೊಡೆಯುವುದರ ಬಗ್ಗೆ ನಾನು ಉದ್ದ ಭಾಷಣ ಮಾಡುವುದಿಲ್ಲ. ಶಾಲೆಯಲ್ಲಿ ಬೆತ್ತ ಎತ್ತುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ನಾಯಿಗೆ ಹೊಡೆದು ಹಿಂಸೆ ಕೊಡುವುದು 1960ರ ಕಾಯ್ದೆಯಲ್ಲೇ ಅಪರಾಧ. ಹೌದು, ನಾಯಿಗೆ ಆ ಕಾನೂನು ಬಂದದ್ದು ಸುಮಾರು ಐವತ್ತು ವರ್ಷ ಮೊದಲು.

ಹಾಗಂತ ಹೋಲಿಕೆ ಪೂರ್ತಿ ಓಡುವುದಿಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಅಮೆರಿಕದ ಒಂದು ನರ್ಸರಿಯಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳಿಗೆ "ಬರೆದರೆ ಸರ್ಟಿಫಿಕೇಟು ಕೊಡ್ತೇವೆ" ಅಂದರು. ಬರೆದರು, ಕೊಟ್ಟರು. ಕೆಲವು ದಿನ ಕಳೆದು ನೋಡಿದರೆ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಬರೀತಿದ್ದರು. ಆಟ ಆಗಿದ್ದದ್ದು ಕೂಲಿ ಆಯ್ತು. ಬಿಸ್ಕತ್ ಕೊಟ್ಟರೆ ನಾಯಿಗೆ ಓಡುವ ಖುಷಿ ಕಮ್ಮಿಯಾಗುವುದನ್ನು ನಾನಂತೂ ನೋಡಿಲ್ಲ. ಮತ್ತೆ, ನಾಯಿ ಕೊನೆವರೆಗೂ ಹೇಳಿದ್ದು ಕೇಳಿದರೆ ಸಾಕು. ಮಗು ನಾಳೆ "ಯಾಕೆ?" ಅಂತ ಕೇಳಬೇಕು, ಯಾರಾದ್ರೂ ಕೆಟ್ಟದಾಗಿ ಮುಟ್ಟಿದರೆ "ಬೇಡ" ಅಂತ ಕಿರುಚಬೇಕು. ಎರಡು ವರ್ಷಕ್ಕೆ ಎಲ್ಲದಕ್ಕೂ "ಬೇಡ" ಅನ್ನುತ್ತಲ್ಲ, ಅದು ಆ ಪ್ರಾಕ್ಟೀಸು.

ಒಂದೇ ಮನೆಯಲ್ಲಿ ಇವರಿಬ್ಬರೂ ಇದ್ದರೆ? ನಮ್ಮ ಕಡೆ ನಾಯಿ ಹಗಲಿಡೀ ಗೂಡಿನಲ್ಲಿ, ರಾತ್ರಿ ತೋಟ ಕಾಯಲಿಕ್ಕೆ ಬಿಡುವುದು. ಮರಿಯ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮನುಷ್ಯರನ್ನು, ಮಕ್ಕಳನ್ನು, ಸದ್ದನ್ನು ಪರಿಚಯ ಮಾಡಿಕೊಳ್ಳುವ ಕಾಲ. ಅದನ್ನು ಗೂಡಿನಲ್ಲೇ ಕಳೆದ ನಾಯಿಗೆ, ಬಾಲ ಎಳೆಯುವ ಪುಟ್ಟ ಮಗು ಅಂದರೆ ಯಾವುದೋ ವಿಚಿತ್ರ ಪ್ರಾಣಿ. ನಾಯಿ ಗುರ್ ಅಂದರೆ ಹೊಡೀಬೇಡಿ. ಅದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಸದೆ ಕಚ್ಚಬಹುದು. ನಾಯಿ ಊಟ ಮಾಡುವಾಗ, ಮಲಗಿರುವಾಗ ಮಗುವನ್ನು ಹತ್ತಿರ ಬಿಡಬೇಡಿ. ಇಬ್ಬರನ್ನೇ ಬಿಟ್ಟು ಒಳಗೆ ಹೋಗಬೇಡಿ, ಎಷ್ಟೇ ಪಾಪದ ನಾಯಿ ಆಗಿರಲಿ. ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಎಂತದ್ದೂ ಹಚ್ಚಬೇಡಿ. ರೇಬಿಸ್ ಲಕ್ಷಣ ಶುರುವಾದ ಮೇಲೆ ಉಳಿಸುವುದು ಹೆಚ್ಚುಕಮ್ಮಿ ಆಗದ ಮಾತು. ಲಸಿಕೆ ಅದಕ್ಕಿಂತ ಮೊದಲೇ ಆಗಬೇಕು.

ನಿಮ್ಮ ಮನೆಯಲ್ಲಿ ನಾಯಿಗೆ ಯಾವ ಭಾಷೆ? ತುಳು, ಬ್ಯಾರಿ, ಕೊಂಕಣಿ, ಎಂತದ್ದಾದ್ರೂ ಸರಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೇಳಿಸ್ತೇನೆ.