ಧ್ವನಿ ಯುವಕರದು, ಯಜಮಾನಿಕೆ ಯಾರದು?

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಸಿಗುತ್ತದೆ. ಹಳೇಬೀಡಿಗೆ ಹೋಗುವವರು ಇಲ್ಲಿ ತಿರುಗಿಕೊಳ್ಳುತ್ತಾರೆ. ಹೊಯ್ಸಳ ಶಿಲ್ಪ ನೋಡಲು ಬರುವವರಿಗೆ ಹಗರೆ ಒಂದು ತಿರುವು ಮಾತ್ರ. ಸುತ್ತಲಿನ ಹಳ್ಳಿಯವರಿಗೆ ಅದು ಬಸ್ಸು ಹಿಡಿಯುವ, ಸಾಮಾನು ಕೊಳ್ಳುವ, ಸುದ್ದಿ ವಿನಿಮಯವಾಗುವ ಜಾಗ. ಇಂಥ ಊರಿಗೆ ಬಾನುಲಿ ಹೊಸದೇನೂ ಅಲ್ಲ. ಹಾಸನದಲ್ಲಿಯೇ ಆಕಾಶವಾಣಿ ಕೇಂದ್ರವಿದೆ. ಜಿಲ್ಲೆಗೊಂದು ಸ್ಥಳೀಯ ಕೇಂದ್ರ ಬೇಕೆಂಬ ವಿಚಾರ 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಮೊದಲು ಕಾರ್ಯರೂಪಕ್ಕೆ ಬಂದು, ಮುಂದೆ ದೇಶದ ಬೇರೆ ಕಡೆಗಳಿಗೂ ಹರಡಿತು. ಹಾಸನ ಕೇಂದ್ರವೂ ಆ ವಿಸ್ತರಣೆಯ ಫಲ.

ಇಷ್ಟಿದ್ದೂ ಇಂಥ ಊರಿನ ತರುಣರು ‘ನಮ್ಮದೇ ಒಂದು ಬಾನುಲಿ ಕೇಂದ್ರ ಬೇಕು’ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಎತ್ತರದ ಗೋಪುರ, ಧ್ವನಿಮುದ್ರಣದ ಕೋಣೆ ಮತ್ತು ಹರಳು ಹುರಿದಂತೆ ಮಾತನಾಡುವ ಉದ್ಘೋಷಕಿ. ಕೇಂದ್ರವನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಕಡೆಯಲ್ಲಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಬಾನುಲಿಯ ಇತಿಹಾಸವನ್ನು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಏನು ಪ್ರಸಾರವಾಗಬೇಕು, ಕರೆಂಟಿನ ಬಿಲ್ಲು ಯಾರು ಕಟ್ಟಬೇಕು, ಇಂದಿನ ಹುಡುಗರು ಊರು ಬಿಟ್ಟ ಮೇಲೆ ಮೈಕಿನ ಮುಂದೆ ಯಾರು ಕೂರಬೇಕು – ಇವನ್ನು ತೀರ್ಮಾನಿಸುವ ಐದಾರು ಜನರ ಗುಂಪಿನ ಮೇಲೆ ಕೇಂದ್ರದ ಆಯುಷ್ಯ ನಿಂತಿರುತ್ತದೆ.

‘ಯುವಜನರ ಬಾನುಲಿ’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಯುವಕರಿಗಾಗಿ ಹಿರಿಯರು ನಡೆಸುವುದು ಒಂದು. ಯುವಕರು ಮಾತನಾಡುವ, ಆದರೆ ಹಿರಿಯರು ತೀರ್ಮಾನಿಸುವ ಕೇಂದ್ರ ಇನ್ನೊಂದು. ಯುವಕರೇ ಮಾತನಾಡಿ, ಯುವಕರೇ ಲೆಕ್ಕವನ್ನೂ ಹೊಣೆಯನ್ನೂ ಹೊರುವ ಕೇಂದ್ರ ಮೂರನೆಯದು. ಕರ್ನಾಟಕ ಮತ್ತು ಅದರ ನೆರೆಹೊರೆಯ ಅನುಭವದಲ್ಲಿ ಈ ಮೂರಕ್ಕೂ ಪಾಠಗಳಿವೆ.

ಮೊದಲನೆಯದು ಮೈಸೂರಿನ ಕಥೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಕೇವಲ 30 ವ್ಯಾಟ್ ಶಕ್ತಿಯ ಪ್ರೇಷಕ ಯಂತ್ರದಿಂದ ಪ್ರಸಾರ ಆರಂಭಿಸಿದರು. ಮನೆಯಲ್ಲಿ ಉರಿಸುವ ಬಲ್ಬಿನ ಶಕ್ತಿ ಅದು! ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ದೇಶದಲ್ಲಿ ಚಲಾವಣೆಗೆ ಬಂದದ್ದು ಮರುವರ್ಷ, 1936ರಲ್ಲಿ. ಮೈಸೂರಿನ ಈ ಕೇಂದ್ರದ ಹೆಸರು ‘ಆಕಾಶವಾಣಿ’. ಆ ಹೆಸರನ್ನೇ ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆ ತನ್ನದಾಗಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಆಡಳಿತದ ವಿಚಾರ. ಒಬ್ಬ ಪ್ರಾಧ್ಯಾಪಕರ ಉತ್ಸಾಹದಿಂದ ಹುಟ್ಟಿದ ಕೇಂದ್ರ ಅವರೊಬ್ಬರ ಹೆಗಲ ಮೇಲೆಯೇ ಬಹುಕಾಲ ನಿಲ್ಲುವುದು ಸಾಧ್ಯವಿರಲಿಲ್ಲ. 1942ರ ಆರಂಭದಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಹಾಸ್ಯ ಸಾಹಿತಿ ನಾ. ಕಸ್ತೂರಿಯವರಂಥವರು ಅದರ ನಿರ್ವಹಣೆಗೆ ಬಂದರು. 1950ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರದ ಕೈಸೇರಿತು. 1955ರ ನವೆಂಬರ್‌ನಲ್ಲಿ ಪ್ರಸಾರ ಬೆಂಗಳೂರಿಗೆ ಸ್ಥಳಾಂತರವಾಯಿತು. ಮೈಸೂರಿಗೆ ಮತ್ತೆ ತನ್ನದೇ ಕೇಂದ್ರ ದೊರೆತದ್ದು 1974ರಲ್ಲಿ. ಅಂದರೆ ಬಾನುಲಿಯನ್ನು ಹುಟ್ಟುಹಾಕಿದ ಊರೇ ಸುಮಾರು ಹತ್ತೊಂಬತ್ತು ವರ್ಷ ಅದಿಲ್ಲದೆ ಇರಬೇಕಾಯಿತು. ಯಜಮಾನಿಕೆ ಊರಿನ ಕೈಯಿಂದ ದಾಟಿದ ಮೇಲೆ ಕೇಂದ್ರ ಎಲ್ಲಿರಬೇಕು ಎಂಬುದೂ ಊರಿನ ಕೈಯಲ್ಲಿ ಉಳಿಯುವುದಿಲ್ಲ.

ಸರ್ಕಾರ ವಹಿಸಿಕೊಳ್ಳದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಮದರಾಸು ಉತ್ತರ ಹೇಳುತ್ತದೆ. ಅಲ್ಲಿ 1924ರಲ್ಲಿ ಹವ್ಯಾಸಿಗಳು ಸೇರಿ ಕಟ್ಟಿದ ರೇಡಿಯೋ ಕ್ಲಬ್ಬು ಅದೇ ವರ್ಷ ಪ್ರಸಾರ ಆರಂಭಿಸಿತು. ಹಣದ ಮುಗ್ಗಟ್ಟಿನಿಂದ 1927ರಲ್ಲಿ ನಿಂತುಹೋಯಿತು. ಯಂತ್ರಗಳನ್ನು ಪಡೆದುಕೊಂಡ ಮದರಾಸು ನಗರಪಾಲಿಕೆ 1930ರಲ್ಲಿ ಪ್ರಸಾರವನ್ನು ಮತ್ತೆ ಶುರುಮಾಡಿತು. ಯಂತ್ರ ಹಳೆಯದೇ, ನಡೆಸುವ ಕೈ ಮಾತ್ರ ಬೇರೆ.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ಆಕಾಶವಾಣಿಯ ‘ಯುವವಾಣಿ’. 1969ರಲ್ಲಿ ದೆಹಲಿಯಲ್ಲಿ ಆರಂಭವಾದ ಈ ಸೇವೆ ಹದಿನೈದರಿಂದ ಮೂವತ್ತು ವರ್ಷದವರಿಗೆ ಮೀಸಲು. ಕ್ರಮೇಣ ಇದು ಬೇರೆ ಕೇಂದ್ರಗಳಿಗೂ ಬಂದಿತು. ಕನ್ನಡದ ಕೇಂದ್ರಗಳಲ್ಲೂ ಯುವವಾಣಿಯ ಕಾರ್ಯಕ್ರಮಗಳು ನೆಲೆಗೊಂಡವು. ಕಾಲೇಜಿನ ವಿದ್ಯಾರ್ಥಿಗಳು ಮೊದಲ ಬಾರಿಗೆ ಸ್ವಂತ ಕವಿತೆ ಓದಿದ್ದು, ಹಾಡಿದ್ದು, ಚರ್ಚೆ ಮಾಡಿದ್ದು ಇಂಥ ಕಾರ್ಯಕ್ರಮಗಳಲ್ಲಿ. ಧ್ವನಿಪರೀಕ್ಷೆ, ಬರೆದುಕೊಂಡು ಮಾತನಾಡುವ ಶಿಸ್ತು, ನಿಗದಿತ ನಿಮಿಷಗಳೊಳಗೆ ವಿಷಯ ಮುಗಿಸುವ ಅಭ್ಯಾಸ ಎಲ್ಲವೂ ಅಲ್ಲಿ ದೊರೆಯುತ್ತಿತ್ತು. ಇದು ಸಣ್ಣ ಕೊಡುಗೆಯಲ್ಲ. ಆದರೆ ಯಾವ ವಿಷಯ, ಎಷ್ಟು ಹೊತ್ತು, ಯಾರು ಎಂದು ಗೊತ್ತುಮಾಡುತ್ತಿದ್ದವರು ಕೇಂದ್ರದ ಅಧಿಕಾರಿಗಳು. ಯುವಕರು ಅತಿಥಿಗಳಾಗಿ ಬಂದು ಮಾತನಾಡಿ ಹೋಗುತ್ತಿದ್ದರು. ಅತಿಥಿಗೆ ಎಲೆಯ ತುಂಬ ಬಡಿಸಬಹುದು, ಅಡುಗೆಮನೆಯ ಕೀಲಿಕೈ ಕೊಡುವುದಿಲ್ಲ.

ಕೀಲಿಕೈಯ ಮಾತು ಬಂದದ್ದು 1990ರ ದಶಕದಲ್ಲಿ. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಕ್ರಿಕೆಟ್ ಪಂದ್ಯಗಳ ಪ್ರಸಾರಕ್ಕೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪು ನೀಡಿತು. ಕೆರೆ, ಗೋಮಾಳದಂತೆ ತರಂಗವೂ ಎಲ್ಲರದು ಎಂದಾದ ಮೇಲೆ ಊರಿನವರು ಅದನ್ನು ಬಳಸುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಮರುವರ್ಷ ಬೆಂಗಳೂರಿನಲ್ಲಿ ‘ವಾಯ್ಸಸ್’ ಸಂಸ್ಥೆ ಕರೆದ ಸಭೆಯಲ್ಲಿ ಸಮುದಾಯ ಬಾನುಲಿಗೆ ಅವಕಾಶ ಬೇಕೆಂಬ ಘೋಷಣೆ ಹೊರಬಿತ್ತು. ನೆರೆಯ ನೇಪಾಳ ಇನ್ನೂ ಮುಂದೆ ಹೋಗಿ 1997ರಲ್ಲಿ ಕಠ್ಮಂಡುವಿನಲ್ಲಿ ‘ರೇಡಿಯೋ ಸಾಗರಮಾಥಾ’ ಆರಂಭವಾಗಲು ಬಿಟ್ಟಿತು.

ನಮ್ಮ ಕಾನೂನು ಇನ್ನೂ ಬಾಗಿಲು ತೆರೆದಿರದ ಹೊತ್ತಿನಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಒಂದು ಉಪಾಯ ನಡೆಯಿತು. ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಆ ಊರಿನಲ್ಲಿ ‘ವಾಯ್ಸಸ್’ ಮತ್ತು ‘ಮೈರಾಡ’ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ‘ನಮ್ಮ ಧ್ವನಿ’ ಎಂಬ ಕೇಂದ್ರವನ್ನು ಕಟ್ಟಿದವು. ತರಂಗದ ಮೂಲಕ ಪ್ರಸಾರ ಮಾಡಲು ಅನುಮತಿ ಇಲ್ಲದ್ದರಿಂದ 2003ರಲ್ಲಿ ಟಿ.ವಿ. ಕೇಬಲ್ ತಂತಿಯ ಮೂಲಕ ಧ್ವನಿಯನ್ನು ಮನೆಮನೆಗೆ ಮುಟ್ಟಿಸಲಾಯಿತು. ತಂತಿಗೆ ತರಂಗದ ಕಾನೂನು ಅನ್ವಯಿಸುವುದಿಲ್ಲವಲ್ಲ! ಕಾರ್ಯಕ್ರಮ ತಯಾರಿಸುತ್ತಿದ್ದವರು ತರಬೇತಿ ಪಡೆದ ಆ ಊರಿನ ತರುಣ ತರುಣಿಯರು. ಅದಕ್ಕಿಂತ ಮುಖ್ಯವಾದದ್ದು ಅವರ ಬೆನ್ನಿಗಿದ್ದ ನಿರ್ವಹಣಾ ಸಮಿತಿ. ಅದರಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿದ್ದರು. ಉಳಿತಾಯದ ಲೆಕ್ಕ ಬರೆದು, ಸಾಲ ಕೊಟ್ಟು, ವಸೂಲಿ ಮಾಡಿ ಪಳಗಿದ ಹೆಂಗಸರು ಅವರು. ಮೈಕಿನ ಮುಂದೆ ಹುಡುಗರ ಚುರುಕು, ಹಿಂದೆ ಸಂಘದ ಹೆಂಗಸರ ಲೆಕ್ಕಾಚಾರ – ಬೂದಿಕೋಟೆಯಿಂದ ಕಲಿಯಬೇಕಾದದ್ದು ಈ ಜೋಡಣೆಯನ್ನು.

ಇದಕ್ಕೆ ಹತ್ತಿರದ ಇನ್ನೊಂದು ಮಾದರಿ ಬೀದರ್ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯ ಮಾಚನೂರಿನದು. ಅಲ್ಲಿಯ ‘ಸಂಗಂ ರೇಡಿಯೋ’ 2008ರ ಅಕ್ಟೋಬರ್‌ನಲ್ಲಿ ಪ್ರಸಾರ ಆರಂಭಿಸಿತು. ನಡೆಸುವವರು ದಲಿತ ಮಹಿಳೆಯರು. ಪರವಾನಗಿ ಬರುವ ಮುಂಚೆಯೇ ಅವರು ವರ್ಷಗಟ್ಟಲೆ ಧ್ವನಿಮುದ್ರಿಸಿಟ್ಟು ಹಳ್ಳಿಯ ಸಂಘಗಳಲ್ಲಿ ಕೇಳಿಸುತ್ತಿದ್ದರು. ಗಾಳಿಯಲ್ಲಿ ದಾರಿ ಸಿಗುವ ಮೊದಲೇ ತಂಡ ತಯಾರಾಗಿತ್ತು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ: ಯಂತ್ರ ಮೊದಲು ಬರುತ್ತದೆ, ಜನರನ್ನು ಆಮೇಲೆ ಹುಡುಕುತ್ತಾರೆ.

ಕಾನೂನಿನ ಬಾಗಿಲು ಎರಡು ಹಂತದಲ್ಲಿ ತೆರೆಯಿತು. 2002ರ ಕೊನೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಮಾತ್ರ ಅವಕಾಶ ದೊರೆತು, 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮಾತನಾಡತೊಡಗಿತು. 2006ರ ನವೆಂಬರ್‌ನಲ್ಲಿ ಲಾಭದ ಉದ್ದೇಶವಿಲ್ಲದ ಸಂಘ ಸಂಸ್ಥೆಗಳಿಗೂ, ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ವಿಸ್ತರಿಸಿತು. ಮರುವರ್ಷ ಬೆಂಗಳೂರಿನಲ್ಲಿ ಜೈನ್ ವಿದ್ಯಾಸಮೂಹದ ‘ರೇಡಿಯೋ ಆಕ್ಟಿವ್’ 90.4 ಮೆಗಾಹರ್ಟ್ಜ್‌ನಲ್ಲಿ ಆರಂಭವಾಯಿತು. ಕಾಲೇಜಿನ ಕೇಂದ್ರಕ್ಕೆ ಕಟ್ಟಡ, ಕರೆಂಟು, ಪ್ರತಿವರ್ಷ ಹೊಸ ವಿದ್ಯಾರ್ಥಿಗಳು – ಈ ಮೂರೂ ಅನುಕೂಲವೇ. ಆದರೆ ಪರೀಕ್ಷೆ ಬಂದರೆ ಮೈಕು ಬಿಕೋ ಎನ್ನುವ ಅಪಾಯವೂ, ಕಾಲೇಜಿನ ಕಾಂಪೌಂಡಿನ ಆಚೆಗಿನ ಜನ ಮರೆತುಹೋಗುವ ಅಪಾಯವೂ ಅಲ್ಲಿ ಇದ್ದೇ ಇರುತ್ತದೆ.

ಈಗ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ನೋಡಬೇಕು. ಪರವಾನಗಿ ವ್ಯಕ್ತಿಗೆ ಸಿಗುವುದಿಲ್ಲ. ರಾಜಕೀಯ ಪಕ್ಷಗಳಿಗೂ, ಅವುಗಳ ವಿದ್ಯಾರ್ಥಿ, ಮಹಿಳಾ ಹಾಗೂ ಕಾರ್ಮಿಕ ಘಟಕಗಳಿಗೂ ಇಲ್ಲ. ಕೇಳುವ ಸಂಘಸಂಸ್ಥೆ ಕನಿಷ್ಠ ಮೂರು ವರ್ಷಗಳಿಂದ ನೋಂದಣಿಯಾಗಿ ಸ್ಥಳೀಯ ಸಮುದಾಯದಲ್ಲಿ ಕೆಲಸ ಮಾಡಿರಬೇಕು ಎಂದು 2006ರ ಮಾರ್ಗಸೂಚಿ ಹೇಳಿತು. ಪ್ರೇಷಕದ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಗೋಪುರ 30 ಮೀಟರ್ ಮೀರುವಂತಿಲ್ಲ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯರೇ ಭಾಗವಹಿಸಿ ತಯಾರಿಸಿದ್ದಾಗಿರಬೇಕು. ಪ್ರಸಾರವಾದದ್ದನ್ನು ಮೂರು ತಿಂಗಳು ಕಾಪಾಡಿಡಬೇಕು. ಏನು ಪ್ರಸಾರವಾಗಬೇಕೆಂದು ಹೇಳಲು ಸ್ಥಳೀಯರ ಸಲಹಾ ಸಮಿತಿ ಇರಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಆ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು. ಗಂಟೆಗೆ ಹನ್ನೆರಡು ನಿಮಿಷ ಜಾಹೀರಾತಿಗೂ ಅವಕಾಶವಿದೆ.

ಈ ನಿಯಮಗಳ ನಡುವೆ ಯುವಕರಿಗೆ ಒಂದು ತೊಡಕು ಅಡಗಿದೆ. ಇಪ್ಪತ್ತರ ಹರೆಯದ ಹತ್ತು ಗೆಳೆಯರು ಸೇರಿ ಇಂದು ಸಂಘ ಕಟ್ಟಿ ನಾಳೆ ಪರವಾನಗಿ ಕೇಳುವಂತಿಲ್ಲ. ಆದ್ದರಿಂದ ಅವರು ಕಾಲೇಜನ್ನೋ ಹಳೆಯ ಸಂಸ್ಥೆಯನ್ನೋ ಆಶ್ರಯಿಸಬೇಕಾಗುತ್ತದೆ. ಆಗ ಪರವಾನಗಿ ಸಂಸ್ಥೆಯದು, ದುಡಿಮೆ ಯುವಕರದು. ಸಲಹಾ ಸಮಿತಿ ಹೆಸರಿಗಷ್ಟೇ ಉಳಿದು, ವರ್ಷಕ್ಕೊಮ್ಮೆ ಸಹಿ ಹಾಕಲು ಮಾತ್ರ ಸೇರಿದರೆ ಕೇಂದ್ರ ಮತ್ತೆ ಎರಡನೆಯ ಬಗೆಗೇ ಇಳಿಯುತ್ತದೆ. ಇದನ್ನು ತಪ್ಪಿಸಲು ಕಾನೂನು ಬದಲಾಗಬೇಕಿಲ್ಲ. ಸಮಿತಿಯಲ್ಲಿ ಕಾರ್ಯಕ್ರಮ ಮಾಡುವ ಯುವಕರಿಗೆ ಸ್ಥಾನ, ಗೊತ್ತಾದ ದಿನ ಸಭೆ, ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕ, ಇಷ್ಟನ್ನು ಆರಂಭದಲ್ಲೇ ಬರವಣಿಗೆಯಲ್ಲಿ ಒಪ್ಪಿಕೊಂಡರೆ ಸಾಕು.

ಹಣದ ವಿಷಯವೂ ಹೀಗೆಯೇ. ದಕ್ಷಿಣ ಅಮೆರಿಕದ ಬೊಲಿವಿಯಾದಲ್ಲಿ 1940ರ ದಶಕದ ಕೊನೆಯಿಂದ ತವರದ ಗಣಿ ಕಾರ್ಮಿಕರು ತಮ್ಮ ಸಂಬಳದ ಒಂದು ಪಾಲು ಕೊಟ್ಟು ತಮ್ಮದೇ ಬಾನುಲಿ ಕೇಂದ್ರಗಳನ್ನು ನಡೆಸಿದರು. ಸೈನಿಕ ಆಡಳಿತಗಳು ಅವುಗಳ ಮೇಲೆ ದಾಳಿ ಮಾಡಿದವು. ಕಾರ್ಮಿಕರು ಮತ್ತೆ ಮತ್ತೆ ಎಬ್ಬಿಸಿದರು. ತಮ್ಮ ದುಡ್ಡು ಬಿದ್ದಿದ್ದರಿಂದಲೇ ಅವರಿಗೆ ಆ ಹಟ ಸಾಧ್ಯವಾಯಿತು ಎನ್ನಬಹುದು. ಹೊರಗಿನ ನೆರವಿನಿಂದ ಗೋಪುರ ಏಳಬಹುದು. ನೆರವಿನ ಅವಧಿ ಮುಗಿದ ಮೇಲೆ ಕೇಂದ್ರವನ್ನು ಉಳಿಸುವುದು ಊರಿನ ಅಂಗಡಿಯವರ ಜಾಹೀರಾತು, ಸಂಘಗಳ ಚಿಕ್ಕ ವಂತಿಗೆ, ಮದುವೆ ನಾಮಕರಣಗಳಲ್ಲಿ ಬರುವ ಕಾಣಿಕೆ.

ಮತ್ತೆ ಹಗರೆಯಂಥ ಊರಿಗೆ ಬರೋಣ. ಬೇಲೂರು ತಾಲ್ಲೂಕಿನ ರೈತನಿಗೆ ಆಲೂಗೆಡ್ಡೆಯ ಅಂಗಮಾರಿ ರೋಗ ಗೊತ್ತು. ಮೋಡ ಕವಿದ ವಾರದಲ್ಲಿ ಔಷಧಿ ಹೊಡೆಯಬೇಕೇ ಬೇಡವೇ ಎಂಬ ಮಾತು ಒಂದು ದಿನ ತಡವಾದರೂ ಪ್ರಯೋಜನವಿಲ್ಲ. ಮಲೆನಾಡಿನ ಅಂಚಿನ ತೋಟಗಳಿಗೆ ಕಾಡಾನೆಗಳು ಇಳಿಯುತ್ತವೆ. ಸಂಜೆ ಯಾವ ದಾರಿಯಲ್ಲಿ ಹೋಗಬಾರದೆಂದು ತಿಳಿದರೆ ಜೀವ ಉಳಿಯುತ್ತದೆ. ರಾಜ್ಯಕ್ಕೆಲ್ಲ ಮಾತನಾಡುವ ಕೇಂದ್ರಕ್ಕೆ ಇಷ್ಟು ಸಣ್ಣ ಸುತ್ತಳತೆಯ ಮಾತು ಹಿಡಿಸುವುದಿಲ್ಲ. ನೂರು ವ್ಯಾಟಿನ ಕೇಂದ್ರ ಇರುವುದೇ ಅದಕ್ಕೆ. ಇದನ್ನೆಲ್ಲ ಮೊಬೈಲು ಮಾಡುತ್ತದಲ್ಲ ಎಂದು ಕೇಳಬಹುದು. ಮೊಬೈಲಿನಲ್ಲಿ ಬಂದ ಸುದ್ದಿ ಸುಳ್ಳಾದರೆ ಹೊಣೆ ಯಾರೆಂದು ತಿಳಿಯುವುದಿಲ್ಲ. ಊರಿನ ಕೇಂದ್ರಕ್ಕೆ ಒಂದು ಬಾಗಿಲಿದೆ, ಒಳಗೆ ಹೆಸರಿರುವ ಮನುಷ್ಯರಿದ್ದಾರೆ, ತಪ್ಪಾದರೆ ಹೋಗಿ ಕೇಳಬಹುದು.

ಕಡೆಯ ಮಾತು ಉತ್ತರಾಧಿಕಾರದ್ದು. ಯುವಕರ ತಂಡಕ್ಕೆ ಇರುವ ಸಹಜ ದೌರ್ಬಲ್ಯವೆಂದರೆ ಯುವಕರು ಯುವಕರಾಗಿ ಉಳಿಯದಿರುವುದು. ಒಬ್ಬನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಒಬ್ಬಳಿಗೆ ಮದುವೆಯಾಗುತ್ತದೆ, ಇನ್ನೊಬ್ಬ ತೋಟ ನೋಡಿಕೊಳ್ಳಬೇಕಾಗುತ್ತದೆ. ಇದು ಯಾರ ತಪ್ಪೂ ಅಲ್ಲ. ಆದರೆ ಧ್ವನಿ ಜೋಡಿಸುವ ವಿದ್ಯೆ ಒಬ್ಬನ ತಲೆಯಲ್ಲಿ, ಪರವಾನಗಿಯ ಕಾಗದ ಇನ್ನೊಬ್ಬನ ಬೀರುವಿನಲ್ಲಿ ಇದ್ದರೆ ಅವರಿಬ್ಬರು ಹೋದ ದಿನವೇ ಕೇಂದ್ರ ಮೂಕವಾಗುತ್ತದೆ. ಪ್ರತಿಯೊಂದು ಕೆಲಸಕ್ಕೂ ಇಬ್ಬರು, ಅವರಲ್ಲಿ ಒಬ್ಬರು ಕಲಿಯುತ್ತಿರುವ ಚಿಕ್ಕವರು ಎಂಬ ಕ್ರಮವನ್ನು ಮೊದಲ ದಿನದಿಂದ ಇಟ್ಟುಕೊಳ್ಳಬೇಕು. ನಮ್ಮ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ, ಕೋಲಾಟದ ಮೇಳಗಳಲ್ಲಿ ಹಿರಿಯರ ಪಕ್ಕದಲ್ಲಿ ತಾಳ ಹಿಡಿದು ಒಬ್ಬ ಹುಡುಗ ಕೂತಿರುತ್ತಾನೆ. ಅವನನ್ನು ಯಾರೂ ತರಬೇತಿಗೆ ಕಳಿಸಿರುವುದಿಲ್ಲ. ಆದರೂ ಹಿರಿಯರು ಬಾರದ ದಿನ ಭಜನೆ ನಿಲ್ಲುವುದಿಲ್ಲ. ಬಾನುಲಿಯನ್ನು ನಡೆಸಲು ಹೊರಟ ತರುಣರು ಯಂತ್ರದ ಬೆಲೆ ವಿಚಾರಿಸುವ ಮುನ್ನ ಆ ಹುಡುಗನನ್ನು ಹುಡುಕಿಕೊಳ್ಳುವುದು ಲೇಸು.