ಮನೆಪಾಠ ಮತ್ತು ಮುಂದಿನ ಓದು

"ಬಿ.ಎಸ್‌ಸಿ. ಮುಗಿಯಿತಲ್ಲ, ಮುಂದೇನು?" ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳದ ತರುಣ ತರುಣಿಯರು ನಮ್ಮಲ್ಲಿ ಕಡಿಮೆ. ತಂದೆತಾಯಿಗಳೇ ಕೇಳಬೇಕೆಂದಿಲ್ಲ. ಎದುರುಮನೆಯವರು ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ಅನ್ನಕ್ಕೆ ಸಾರು ಬೀಳುವುದರೊಳಗೆ ಕೇಳಿಬಿಡುತ್ತಾರೆ. ಉತ್ತರವೂ ಬಹುಮಟ್ಟಿಗೆ ಒಂದೇ: "ಸದ್ಯಕ್ಕೆ ನಾಲ್ಕು ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದೇನೆ. ಎಂ.ಎಸ್‌ಸಿ.ಗೆ ಸೇರುವ ಯೋಚನೆ ಇದೆ, ನೋಡಬೇಕು." ಈ "ಸದ್ಯಕ್ಕೆ" ಎಂದರೆ ಎಷ್ಟು ಕಾಲ, "ನೋಡಬೇಕು" ಎಂದರೆ ಯಾವಾಗ, ಎಂಬುದನ್ನು ಕುರಿತು ನಿಮ್ಮೊಡನೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ. ಮನೆಯಲ್ಲಿ ಓದು ಮುಗಿಸಿದ ಮಗನೋ ಮಗಳೋ ಇದ್ದರೆ ಅವರನ್ನೂ ಹತ್ತಿರಕ್ಕೆ ಕರೆದುಕೊಳ್ಳಿ.

ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರದ ರಸ್ತೆಯನ್ನು ಹಿಡಿದು ಹೊರಟರೆ ರಾಜಾನುಕುಂಟೆ ಸಿಕ್ಕುತ್ತದೆ. ಒಂದು ಕಾಲಕ್ಕೆ ರಾಗಿಹೊಲ, ದ್ರಾಕ್ಷಿತೋಟಗಳ ಸೀಮೆ. ಈಗ ಬಡಾವಣೆಗಳು ಬಂದಿವೆ, ಬಡಾವಣೆಗಳೊಡನೆ ಶಾಲೆಗಳು, ಶಾಲೆಗಳ ಬೆನ್ನಿಗೇ ಮನೆಪಾಠ. 2008ರಲ್ಲಿ ಅಲ್ಲಿ ಸಾಯಿ ವಿದ್ಯಾ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಪಕ್ಕದ ಇಟಗಲ್‌ಪುರದಲ್ಲಿ ಪ್ರೆಸಿಡೆನ್ಸಿ ವಿಶ್ವವಿದ್ಯಾನಿಲಯವಿದೆ. ಪಡುವಲಿಗೆ ತಿರುಗಿದರೆ ಹೆಸರಘಟ್ಟದ ತೋಟಗಾರಿಕೆಯ ಸಂಶೋಧನಾ ಸಂಸ್ಥೆ. ತೆಂಕಲಿಗೆ ಬಂದರೆ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಕೃಷಿ ವಿಶ್ವವಿದ್ಯಾನಿಲಯ. ಯಶವಂತಪುರದ ಕಡೆಗೆ ಹೋದರೆ 1909ರಿಂದ ಇರುವ ಭಾರತೀಯ ವಿಜ್ಞಾನ ಸಂಸ್ಥೆ. ಇಷ್ಟು ವಿದ್ಯಾಸ್ಥಾನಗಳ ಮಗ್ಗುಲಲ್ಲೇ ಇರುವ ಊರಿನಲ್ಲಿ ಒಬ್ಬ ಜಾಣ ಪದವೀಧರೆ ಐದನೆಯ ತರಗತಿಯ ಭಿನ್ನರಾಶಿಯನ್ನೇ ನಾಲ್ಕು ವರ್ಷದಿಂದ ಹೇಳಿಕೊಡುತ್ತ ಕುಳಿತಿದ್ದರೆ, ಎಲ್ಲಿಯೋ ಲೆಕ್ಕ ತಪ್ಪಿದೆಯೆಂದು ನನಗೆ ತೋರುತ್ತದೆ.

ಮನೆಪಾಠವನ್ನು ಹಗುರವಾಗಿ ಕಾಣುವ ಮಾತು ಇದಲ್ಲ. ನಂದಿಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಮನೆಪಾಠದ ಬಲದಿಂದಲೇ. ತಂದೆ ತೀರಿಹೋಗಿದ್ದರು. ಊಟಕ್ಕೆ ಸೋದರಮಾವನ ಮನೆಯ ಆಸರೆ ಇತ್ತು. ಉಳಿದ ಖರ್ಚಿಗೆ ಕೊಡಗಿನ ಮನೆತನದ ಅಧಿಕಾರಿಯೊಬ್ಬರ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1881ರಲ್ಲಿ ಬಿ.ಎ. ಆಯಿತು. ಕಥೆ ಹೇಳುವ ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನಡುವೆ ಒಂದು ಬೀದಿದೀಪವನ್ನೂ ಹಚ್ಚಿ, "ನೋಡು, ಹೀಗೆ ಓದಬೇಕು" ಎಂದು ಮಕ್ಕಳ ಕಡೆ ನೋಡುತ್ತೇವೆ. ಆದರೆ ಮುಂದಿನ ಅಧ್ಯಾಯ ನಮ್ಮ ಇಂದಿನ ವಿಷಯಕ್ಕೆ ಹೆಚ್ಚು ಬೇಕಾದದ್ದು. ಬಿ.ಎ. ಆದಮೇಲೆ ಅವರು ಇನ್ನೆರಡು ಮನೆಗಳ ಪಾಠ ಹಿಡಿದು ಹಣ ಕೂಡಿಸುತ್ತ ಕೂರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ಅಲ್ಲಿ ಓದುವುದೊಂದೇ ಕೆಲಸ. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಮನೆಪಾಠ ಅವರನ್ನು ಒಂದು ದಡದವರೆಗೆ ತಂದಿತು. ಅಲ್ಲಿಂದ ಮುಂದಕ್ಕೆ ಸಾಗಿಸಿದ್ದು ವಿದ್ಯಾರ್ಥಿವೇತನ. ಬೀದಿದೀಪದ ಕಥೆಯಷ್ಟು ರುಚಿ ಇದರಲ್ಲಿಲ್ಲ, ಒಪ್ಪಿದೆ.

ಈಗ ನಮ್ಮ ಮನೆಯ ಜಮಾಖರ್ಚಿಗೆ ಬರೋಣ. ಲೆಕ್ಕಕ್ಕಾಗಿ ರಾಜಾನುಕುಂಟೆಯಲ್ಲಿ ಒಬ್ಬ ಹುಡುಗಿಯನ್ನು ಎಣಿಸಿಕೊಳ್ಳಿ. ಭೌತಶಾಸ್ತ್ರ, ಗಣಿತಗಳಲ್ಲಿ ಬಿ.ಎಸ್‌ಸಿ. ಮಾಡಿದವಳು. ಐದು ಮಕ್ಕಳಿಗೆ ಪಾಠ, ತಲೆಗೆ 1,200 ರೂಪಾಯಿ, ತಿಂಗಳಿಗೆ 6,000. ಸಂಜೆ ಎರಡು ಗಂಟೆ, ವಾರಕ್ಕೆ ಆರು ದಿನ, ಅಂದರೆ 12 ಗಂಟೆ. ಇಷ್ಟೇ ಎಂದುಕೊಂಡಿರುತ್ತಾಳೆ. ಆದರೆ ನೋಟುಪುಸ್ತಕ ತಿದ್ದುವುದು ಯಾವ ಲೆಕ್ಕದಲ್ಲಿ? ಕಿರುಪರೀಕ್ಷೆಗೆ ಪ್ರಶ್ನೆ ಬರೆಯುವುದು? ಮನೆಯಿಂದ ಮನೆಗೆ ನಡೆಯುವುದು? ಬಾಗಿಲಲ್ಲಿ ನಿಂತು ಮಗುವಿನ ತಾಯಿಗೆ ಸಮಾಧಾನ ಹೇಳುವುದು? ಎಲ್ಲ ಸೇರಿ ವಾರಕ್ಕೆ 18 ಗಂಟೆಗೆ ಕಡಿಮೆಯಾಗದು. ತಿಂಗಳಿಗೆ 75 ಗಂಟೆ ಹಿಡಿಯಿರಿ. ಗಂಟೆಗೆ 80 ರೂಪಾಯಿ ಬಿದ್ದಂತಾಯಿತು. ಸಂಜೆಯ ಆ ಎರಡು ಗಂಟೆ ಮನಸ್ಸು ಚುರುಕಾಗಿರುವ ಹೊತ್ತು ಎಂಬುದನ್ನು ಇದರಲ್ಲಿ ಸೇರಿಸಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಬರೆದುಕೊಳ್ಳಿ. ಎಂ.ಎಸ್‌ಸಿ. ಆದಮೇಲೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಎಂದರೆ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರಿಗೆ, 2023ರ ಜನವರಿಯಿಂದ ಅನ್ವಯವಾಗುವಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿಯೆಂದೂ ಆಮೇಲೆ 42,000 ಎಂದೂ ನಿಗದಿಯಾಯಿತು. ನಮ್ಮ ಹುಡುಗಿ ಆರು ತಿಂಗಳು ಪಾಠ ಹೇಳಿದರೆ 36,000. ಆರು ತಿಂಗಳ ದುಡಿಮೆ ಅಲ್ಲಿ ಒಂದು ತಿಂಗಳಿಗೂ ಸಾಲದು. ಈ ವೇತನ ಪರೀಕ್ಷೆಗೆ ಕುಳಿತ ಎಲ್ಲರಿಗೂ ಬರುವುದಲ್ಲ, ಬಲು ಕೆಲವರಿಗೆ ಮಾತ್ರ; ಆ ಮಾತನ್ನು ಮುಚ್ಚಿಟ್ಟು ಯಾರನ್ನೂ ಹುರಿದುಂಬಿಸಬಾರದು. ಆದರೂ ಅದಕ್ಕೆ ಸಿದ್ಧವಾಗಲು ಬೇಕಾದ ಗಂಟೆಗಳನ್ನು ಎಂಬತ್ತು ರೂಪಾಯಿಗೆ ಮಾರುತ್ತಿದ್ದೇವೆಂಬುದು ತಿಳಿದಿರಲಿ.

ಹಾಗೆ ನೋಡಿದರೆ ಮುಂದಿನ ಓದಿನಲ್ಲಿ ಎರಡು ಜಾತಿ: ನಾವು ದುಡ್ಡು ಕಟ್ಟಿ ಓದುವುದು ಒಂದು, ನಮಗೆ ದುಡ್ಡು ಕೊಟ್ಟು ಓದಿಸುವುದು ಇನ್ನೊಂದು. ಎರಡನೆಯದು ಇದೆಯೆಂಬುದೇ ಅನೇಕ ಮನೆಗಳಿಗೆ ತಿಳಿಯದು. ವಿಜ್ಞಾನ ಸಂಸ್ಥೆಯಲ್ಲಿಯೂ ಜಕ್ಕೂರಿನ ಕೇಂದ್ರದಲ್ಲಿಯೂ ಬಿ.ಎಸ್‌ಸಿ. ಆದವರು ನೇರವಾಗಿ ಸೇರಿ ಡಾಕ್ಟರೇಟಿನವರೆಗೆ ಓದುವ ಸಂಯೋಜಿತ ವ್ಯಾಸಂಗಗಳಿವೆ. ಸೇರಿದವರಿಗೆ ತಿಂಗಳ ವೇತನವುಂಟು. ಇವಕ್ಕೆ ಮುಖ್ಯವಾದ ಬಾಗಿಲು 'ಜ್ಯಾಮ್' ಎಂಬ ಪ್ರವೇಶಪರೀಕ್ಷೆ. ಎಂಜಿನಿಯರಿಂಗ್ ಓದಿದವರಿಗೆ 'ಗೇಟ್' ಪರೀಕ್ಷೆ. ಅದರಲ್ಲಿ ಅರ್ಹರಾಗಿ ಎಂ.ಟೆಕ್.ಗೆ ಸೇರಿದವರಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಗೊತ್ತುಮಾಡಿದ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ಇಂತಹ ವೇತನ ಪಡೆಯುವವರು ಹೊರಗಿನಿಂದ ಬೇರೆ ಸಂಬಳ ಸಂಪಾದನೆ ಇಟ್ಟುಕೊಳ್ಳಕೂಡದೆಂಬ ನಿಯಮವಿದೆ. ಆದ್ದರಿಂದ "ಅಲ್ಲಿಯೂ ಓದುತ್ತೇನೆ, ಇಲ್ಲಿಯೂ ಪಾಠ ಹೇಳುತ್ತೇನೆ" ಎಂಬ ಮಾತು ಅಲ್ಲಿ ನಡೆಯದು. ಮನೆಯವರು ಆ ಸಂಜೆಯ ಆರು ಸಾವಿರವನ್ನು ಬಿಡಲು ಸಿದ್ಧರಿರಬೇಕು.

ಇನ್ನು ಪಂಚಾಂಗ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಗೇಟ್, ಜ್ಯಾಮ್ ಎರಡೂ ನಡೆಯುವುದು ಫೆಬ್ರವರಿಯಲ್ಲಿ. ಸಂಕ್ರಾಂತಿಗೂ ಶಿವರಾತ್ರಿಗೂ ನಡುವೆ ಎಂದು ನೆನಪಿಟ್ಟುಕೊಂಡರೆ ಸರಿ. ಅದೇ ಹೊತ್ತಿಗೆ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚಿನಲ್ಲಿ ದೊಡ್ಡ ಪರೀಕ್ಷೆ. ವರ್ಷವೆಲ್ಲ ಬಾರದ ಮಕ್ಕಳು ಸಂಕ್ರಾಂತಿಯ ಎಳ್ಳುಬೆಲ್ಲದೊಡನೆ ಬಾಗಿಲಿಗೆ ಬರುತ್ತಾರೆ. "ಎರಡೇ ತಿಂಗಳು ಸ್ವಾಮಿ, ಹೇಗಾದರೂ ಪಾಸು ಮಾಡಿಸಿ." ಸಂಭಾವನೆಯೂ ಆಗ ಹೆಚ್ಚು. ಪಾಠ ಹೇಳುವವರಿಗೆ ಸುಗ್ಗಿ, ಅವರ ಸ್ವಂತ ಪರೀಕ್ಷೆಗೆ ಬರಗಾಲ. ಮೊದಲಾದರೆ ಏಪ್ರಿಲಿಗೆ ಬಿಡುವಾದರೂ ಸಿಗುತ್ತಿತ್ತು. 2024ರಿಂದ ನಮ್ಮ ರಾಜ್ಯದಲ್ಲಿ ಈ ಎರಡು ತರಗತಿಗಳಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಾದವು. ಮೊದಲ ಸಲ ಕಡಿಮೆ ಅಂಕ ಬಂದವರು ಎರಡನೆಯ ಸಲಕ್ಕೆ, ಮೂರನೆಯ ಸಲಕ್ಕೆ ಕೂರುತ್ತಾರೆ. ಮಕ್ಕಳಿಗೆ ಇದು ಉಪಕಾರವೇ. ಪಾಠ ಹೇಳುವವರ ಸುಗ್ಗಿ ಮಾತ್ರ ಮಳೆಗಾಲದವರೆಗೂ ಎಳೆಯುತ್ತದೆ. ನೆಟ್ ಪರೀಕ್ಷೆಯ ಜೂನ್ ಸರದಿ ಅದರೊಳಗೇ ಬಂದು ಹೋಗುತ್ತದೆ.

ಆದುದರಿಂದ ನಿರ್ಧಾರ ಫೆಬ್ರವರಿಯಲ್ಲಿ ಆಗತಕ್ಕದ್ದಲ್ಲ. ಈ ಪರೀಕ್ಷೆಗಳ ಅರ್ಜಿಯ ಕಾಲ ಗಣೇಶನ ಹಬ್ಬಕ್ಕೂ ದಸರೆಗೂ ಆಸುಪಾಸಿನಲ್ಲಿ ಬರುತ್ತದೆ. ಅರ್ಜಿ ಹಾಕುವ ದಿನವೇ, ಜನವರಿಯಿಂದ ಎಷ್ಟು ಮಕ್ಕಳನ್ನು ಇಟ್ಟುಕೊಳ್ಳುವುದು, ಎಷ್ಟು ಮಂದಿಗೆ ಇಲ್ಲವೆನ್ನುವುದು ಎಂದು ಬರೆದಿಟ್ಟುಬಿಡಿ. ಜೂನಿನಿಂದ ಡಿಸೆಂಬರವರೆಗಿನ ಸಂಪಾದನೆಯಲ್ಲಿ ಎರಡು ತಿಂಗಳಿನಷ್ಟನ್ನು ಅಂಚೆಕಚೇರಿಯಲ್ಲೋ ಬ್ಯಾಂಕಿನಲ್ಲೋ ಪ್ರತ್ಯೇಕವಾಗಿಟ್ಟರೆ ಜನವರಿ, ಫೆಬ್ರವರಿ ನಿಮ್ಮವಾಗುತ್ತವೆ. ಮತ್ತೊಂದು ವಿಷಯ: ಗೇಟ್ ಅಂಕ ಮೂರು ವರ್ಷ ಊರ್ಜಿತ, ಜ್ಯಾಮ್ ಅಂಕ ಆ ಒಂದು ವರ್ಷಕ್ಕೆ ಮಾತ್ರ. ಗೇಟ್ ಬರೆದವರು ಮನೆಯ ಕಷ್ಟಕ್ಕಾಗಿ ಒಂದು ವರ್ಷ ತಡೆದರೂ ನಷ್ಟವಿಲ್ಲ. ಜ್ಯಾಮ್ ಬರೆದವರಿಗೆ ಆ ಅನುಕೂಲವಿಲ್ಲ. ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿರುವವರೂ ಗೇಟಿಗೆ ಕೂರಬಹುದಾದ್ದರಿಂದ, ಮನೆಪಾಠದ ಪಾಶ ಬೀಳುವ ಮೊದಲೇ ಒಂದು ಸಲ ಕೈನೋಡುವುದು ಮೇಲು.

ದುಡ್ಡು ಕಟ್ಟಿ ಓದುವುದರಲ್ಲಿಯೂ ದಾರಿಗಳುಂಟು. ಸಂಜೆಯ ಪಾಠವನ್ನು ಬಿಡಲಾರದ ಮನೆಗಳಿಗೆ ಮುಕ್ತ ವಿಶ್ವವಿದ್ಯಾನಿಲಯ ಇದ್ದೇ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲಿ ಹುಟ್ಟಿತು. ನಡುವೆ ಕೆಲವು ವರ್ಷ ಅದರ ಮಾನ್ಯತೆಗೆ ಧಕ್ಕೆ ಬಂದು, 2018ರಲ್ಲಿ ಮತ್ತೆ ದೊರಕಿತು. ಆ ನಡುವಿನ ವರ್ಷಗಳ ವಿದ್ಯಾರ್ಥಿಗಳು ಪಟ್ಟ ಪಾಡನ್ನು ನೆನೆದಾದರೂ, ದೂರಶಿಕ್ಷಣದ ಯಾವ ಪದವಿಗೆ ಹಣ ಕಟ್ಟುವ ಮುನ್ನವೂ, ಆ ವರ್ಷಕ್ಕೆ ಆ ವಿಷಯಕ್ಕೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅನುಮತಿ ಇದೆಯೇ ಎಂದು ನೋಡಿಕೊಳ್ಳಿ. 2021ರಿಂದ 2023ರವರೆಗೆ ನಾಲ್ಕು ವರ್ಷದ ಪದ್ಧತಿಯಲ್ಲಿ ಕಾಲೇಜು ಸೇರಿದವರು, ನಾಲ್ಕನೆಯ ವರ್ಷ ಮುಗಿಸಿದ್ದರೆ, ಒಂದೇ ವರ್ಷದ ಸ್ನಾತಕೋತ್ತರ ಓದು ಎಲ್ಲಿದೆಯೆಂದು ವಿಚಾರಿಸತಕ್ಕದ್ದು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಹಿಂದಿರುಗಿತು. ಬಿ.ಎಡ್. ಮಾಡಿ ಮೇಷ್ಟರಾಗುತ್ತೇನೆ, ಜೊತೆಗೆ ಮನೆಪಾಠವೂ ಇರುತ್ತದೆ ಎನ್ನುವವರು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮನ್ನು ಓದಿಕೊಂಡರೆ ಒಳ್ಳೆಯದು. ಶಾಲೆಯ ಉಪಾಧ್ಯಾಯರು ಖಾಸಗಿ ಪಾಠ ಹೇಳಕೂಡದೆಂದು ಅದು ವಿಧಿಸುತ್ತದೆ.

ಮನೆಯ ಹಿರಿಯರೊಡನೆ ಒಂದು ಮಾತು. ಪಾಠದ ಹಣ ಮೊದಲು ಮಗಳ ಕೈಖರ್ಚು. ಮೂರನೆಯ ತಿಂಗಳಿಗೆ ಅದು ಹಾಲಿನವನ ಲೆಕ್ಕಕ್ಕೆ ಹೋಗುತ್ತದೆ. ವರ್ಷ ತುಂಬುವುದರೊಳಗೆ ತಮ್ಮನ ಕಾಲೇಜು ಶುಲ್ಕ ಅದರ ಮೇಲೆ ನಿಂತಿರುತ್ತದೆ. ಯಾರೂ ಕೇಡೆಣಿಸಿದವರಲ್ಲ, ಆದರೆ ಅವಳ ಎಂ.ಎಸ್‌ಸಿ. ಮಾತ್ರ "ಮುಂದಿನ ವರ್ಷ"ಕ್ಕೆ ಹೋಗಿ ಕುಳಿತಿರುತ್ತದೆ. ಪೋಲೆಂಡಿನಲ್ಲಿ ಇಂಥದೇ ಒಂದು ಒಪ್ಪಂದ ಅಕ್ಕತಂಗಿಯರ ನಡುವೆ ನಡೆಯಿತು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಅಕ್ಕ ಪ್ಯಾರಿಸ್ಸಿಗೆ ಹೋಗಿ ವೈದ್ಯ ಓದುವುದು, ತಂಗಿ ದೊಡ್ಡ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿ ಹಣ ಕಳುಹಿಸುವುದು. ಅಕ್ಕನ ಓದು ಮುಗಿದೊಡನೆ ತಂಗಿಯ ಸರದಿ. ತಂಗಿ ಹಲವು ವರ್ಷ ಪಾಠ ಹೇಳಿದಳು. ಅಕ್ಕ ಬಾ ಎಂದು ಬರೆದಾಗ, ತಂದೆಯನ್ನು ಬಿಟ್ಟು ಹೇಗೆ ಬರಲಿ ಎಂದು ಹಿಂಜರಿದಳು ಕೂಡ. ಕೊನೆಗೆ 1891ರಲ್ಲಿ ಹೊರಟಳು. 1893ರಲ್ಲಿ ಭೌತಶಾಸ್ತ್ರದ ಪದವಿ, ಒಂದು ವಿದ್ಯಾರ್ಥಿವೇತನದ ನೆರವಿನಿಂದ 1894ರಲ್ಲಿ ಗಣಿತದ ಪದವಿ. ಅವಳೇ ಮುಂದೆ ಮೇರಿ ಕ್ಯೂರಿ. ಅಕ್ಕ ಮಾತು ಉಳಿಸಿಕೊಂಡಳು ಎಂಬುದು ನನಗೆ ರೇಡಿಯಂನಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಮನೆಯಲ್ಲಿಯೂ ಹಿರಿಯ ಮಗಳು ಕಿರಿಯವನ ಓದಿಗೆ ಹೆಗಲು ಕೊಟ್ಟಿದ್ದರೆ, ಅವಳ ಸರದಿ ಯಾವ ತಿಂಗಳು, ಯಾವ ಇಸವಿ ಎಂಬುದನ್ನು ಎಲ್ಲರೂ ಕುಳಿತು ಇವತ್ತೇ ಮಾತನಾಡಿ.

ಪಾಠ ಹೇಳಲೇಬೇಕೆಂದಾದರೆ ಯಾವ ಪಾಠವೆಂಬುದನ್ನೂ ಆರಿಸಿಕೊಳ್ಳಬಹುದು. ಸಣ್ಣ ತರಗತಿಯ ಮಕ್ಕಳಿಗೆ ಎಲ್ಲ ವಿಷಯ ಹೇಳಿಕೊಡುವುದಕ್ಕಿಂತ, ಪಿ.ಯು.ಸಿ.ಯ ಇಬ್ಬರಿಗೆ ಭೌತಶಾಸ್ತ್ರವನ್ನೋ ಗಣಿತವನ್ನೋ ಹೇಳಿಕೊಟ್ಟರೆ ಗಂಟೆಗಳು ಕಡಿಮೆ. ಜ್ಯಾಮ್ ಪರೀಕ್ಷೆಗೆ ಬೇಕಾದ ತಳಪಾಯವೂ ಗಟ್ಟಿಯಾಗುತ್ತದೆ. ಹದಿನಾರರ ಹುಡುಗ "ಅದು ಯಾಕೆ ಹಾಗೆ?" ಎಂದು ಕೇಳುವ ಪ್ರಶ್ನೆಗೆ ಉತ್ತರ ಹುಡುಕಿದವರು ಆ ವಿಷಯವನ್ನು ಮರೆಯುವುದಿಲ್ಲ. ನೆಂಟರ ಮಕ್ಕಳಿಗೆ ಪುಕ್ಕಟೆ ಪಾಠದ ವಿಚಾರ ನಾನು ಎತ್ತುವುದಿಲ್ಲ. ಅದಕ್ಕೆ ಪರಿಹಾರ ಯಾರಿಗೂ ಹೊಳೆದಂತಿಲ್ಲ.

ಇನ್ನುಳಿದದ್ದು ಪಾಠ ಹೇಳಿಸಿಕೊಳ್ಳುವ ಮನೆಯವರಿಗೆ. ನಿಮ್ಮ ಮಗನಿಗೆ ಲೆಕ್ಕ ಹೇಳಿಕೊಡುವ ಹುಡುಗಿ ಫೆಬ್ರವರಿಯ ಮೊದಲೆರಡು ವಾರ ಬರಲಾಗದು ಎಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎನ್ನಬೇಡಿ. ಆ ಎರಡು ವಾರಕ್ಕೆ ಬೇಕಾದ ಅಭ್ಯಾಸದ ಲೆಕ್ಕಗಳನ್ನು ಜನವರಿಯಲ್ಲೇ ಬರೆಸಿಟ್ಟುಕೊಳ್ಳಿ, ಹುಡುಗ ತಾನೇ ಮಾಡಲಿ. ಬಿಟ್ಟ ಪಾಠವನ್ನು ತಿಂಗಳ ಕೊನೆಯಲ್ಲಿ ಬೆಳಗಿನ ಹೊತ್ತು ತುಂಬಿಸಿಕೊಳ್ಳಬಹುದು. ಆ ತಿಂಗಳ ಸಂಭಾವನೆಯಲ್ಲಿ ಎರಡು ವಾರದ ಹಣವನ್ನು ಮುರಿಯದೆ ಕೊಟ್ಟರೆ, ಅವಳ ಪರೀಕ್ಷೆಯ ಶುಲ್ಕಕ್ಕಾದರೂ ಒದಗೀತು.