ನಂಬಿಕೆಯೂ ನಿರ್ಭೀತಿಯೂ
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ದೇವರನ್ನು ನಂಬದವನು ಕಷ್ಟಕಾಲದಲ್ಲಿ ನಿಲ್ಲಲಾರನೆಂದು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತ ಬಂದಿದ್ದೇವೆ. ಈ ಮಾತನ್ನು ಒರೆಗೆ ಹಚ್ಚಿ ನೋಡುವುದಕ್ಕೆ ಸರ್ದಾರ್ ಭಗತ್ ಸಿಂಗನ ಜೀವನವೊಂದೇ ಸಾಕು.

ಆತನು ನಾಸ್ತಿಕರ ಮನೆಯಲ್ಲಿ ಹುಟ್ಟಿದವನಲ್ಲ. ಅಜ್ಜನು ಆರ್ಯಸಮಾಜದ ನಿಷ್ಠಾವಂತ ಅನುಯಾಯಿ. ಹುಡುಗನು ಲಾಹೋರಿನ ಡಿ. ಎ. ವಿ. ಶಾಲೆಯಲ್ಲಿದ್ದಾಗ ಗಂಟೆಗಟ್ಟಲೆ ಗಾಯತ್ರೀಜಪ ಮಾಡುತ್ತಿದ್ದನು. ಮುಂದೆ ಬಕೂನಿನ್, ಮಾರ್ಕ್ಸ್, ಲೆನಿನ್ ಮೊದಲಾದವರನ್ನು ಓದಿ, ವಿಚಾರಮಾಡಿ, 1926ರ ಕೊನೆಯ ಹೊತ್ತಿಗೆ, ಜಗತ್ತನ್ನು ನಡಸುವ ಸರ್ವಶಕ್ತನೊಬ್ಬನಿರುವನೆಂಬುದಕ್ಕೆ ಆಧಾರವಿಲ್ಲವೆಂದು ನಿಶ್ಚಯಿಸಿದನು. 1927ರಲ್ಲಿ ಸೆರೆಸಿಕ್ಕಾಗ ಪೋಲೀಸ್ ಅಧಿಕಾರಿಗಳೇ ಆತನಿಗೆ ಎರಡು ಹೊತ್ತೂ ಪ್ರಾರ್ಥನೆ ಮಾಡೆಂದು ಬುದ್ಧಿ ಹೇಳಿದರು. ಆತನು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಪ್ರಾರ್ಥಿಸದೆಯೇ ಉಳಿದನು.

1930ರ ಅಕ್ಟೋಬರಿನಲ್ಲಿ ಮರಣದಂಡನೆ ವಿಧಿತವಾಯಿತು. ಆತನ ನಾಸ್ತಿಕತೆಗೆ ಅಹಂಕಾರವೇ ಕಾರಣವೆಂದು ಕೆಲವು ಸ್ನೇಹಿತರು ಆಡಿಕೊಂಡುದಕ್ಕೆ ಉತ್ತರವಾಗಿ, ತಾನೇಕೆ ನಾಸ್ತಿಕನಾದೆನೆಂಬುದನ್ನು ಸೆರೆಮನೆಯಲ್ಲಿ ಲೇಖನವಾಗಿ ಬರೆದನು. 1931ರ ಮಾರ್ಚ್ 23ರಂದು ಆತನನ್ನು ಗಲ್ಲಿಗೇರಿಸಿದರು. ಆಗ ವಯಸ್ಸು 23. ಲೇಖನವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಾಹೋರಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ಆ ಲೇಖನದ ಪ್ರಾಮಾಣಿಕತೆಯನ್ನು ಗಮನಿಸಬೇಕು. ನಂಬಿಕೆಯು ದುಃಖವನ್ನು ಹಗುರಗೊಳಿಸುವುದೆಂಬುದನ್ನು ಆತನು ಅಲ್ಲಗಳೆಯಲಿಲ್ಲ. ಆದರೆ ಹಿತವಾದುದೆಲ್ಲ ಸತ್ಯವಾಗಲಾರದಷ್ಟೆ! ಕರುಣಾಳುವಾದ ಸರ್ವಶಕ್ತನಿದ್ದರೆ ಈ ದಾರಿದ್ರ್ಯ, ಈ ದಾಸ್ಯ ಏಕೆಂದು ಕೇಳಿದನು. ಪೂರ್ವಜನ್ಮದ ಪಾಪವೆಂಬ ಉತ್ತರವು ಉಳ್ಳವರಿಗೆ ಅನುಕೂಲವಾದುದೆಂದು ಕಂಡನು.

ಹಾಗೆಂದು ಶೌರ್ಯವು ನಾಸ್ತಿಕರ ಸೊತ್ತೆಂದು ನಾವು ಹೇಳುವುದಿಲ್ಲ. ಕಾಕೋರಿ ಮೊಕದ್ದಮೆಯ ರಾಮಪ್ರಸಾದ ಬಿಸ್ಮಿಲ್ ಮತ್ತು ಅಶ್ಫಾಕುಲ್ಲಾ ಖಾನ್, 1927ರ ಡಿಸೆಂಬರ್ 19ರಂದು, ತಂತಮ್ಮ ದೇವರನ್ನು ನೆನೆಯುತ್ತಲೇ ಗಲ್ಲನ್ನೇರಿದರು. ನಂಬಿದವರೂ ಅಂಜಲಿಲ್ಲ, ನಂಬದವನೂ ಅಂಜಲಿಲ್ಲ. ಆದಕಾರಣ ಸದ್ಗುಣಕ್ಕೆ ನಂಬಿಕೆಯೊಂದೇ ಬೇರೆಂಬ ನಮ್ಮ ಪಾಠವು ಬಿದ್ದುಹೋಯಿತು.

ನಮ್ಮ ಗತಿಯೇನು? ಮಗುವಿಗೆ ಜ್ವರ ಬಂದಾಗ ಹರಕೆ ಹೊರುತ್ತೇವೆ. ಇಳಿದ ಮೇಲೆ ಮರೆಯುತ್ತೇವೆ. ಇದು ಭಕ್ತಿಯಲ್ಲ, ಅಂಜಿಕೆ. ಅಂಜಿ ಕೈಮುಗಿಯುವವನಿಗಿಂತ ವಿಚಾರಮಾಡಿ ಕೈಬಿಟ್ಟವನು ಸತ್ಯಕ್ಕೆ ಹತ್ತಿರದವನೆಂದು ನಾವು ತಿಳಿಯುತ್ತೇವೆ.

ಬಂಧುಗಳೇ, ನಾಳೆ ತರಗತಿಯಲ್ಲಿ ಹುಡುಗನೊಬ್ಬನು ಎದ್ದುನಿಂತು, ದೇವರಿದ್ದರೆ ಬರಗಾಲವೇಕೆಂದು ಕೇಳಿದರೆ ಗದರಿಸಿ ಕುಳ್ಳಿರಿಸಬೇಡಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳೋಣ. ಅದರಿಂದ ಗುರುವಿನ ಗೌರವ ಕುಂದದು.